ಬಾಯಿಗೆ ಬಾರದ ಹೆಸರು

ನಮ್ಮ ದೊಡ್ಡಮ್ಮ ಶಂಕರಮ್ಮ ನಮ್ಮೂರು ಶಿವನಿಯಲ್ಲೆಲ್ಲ ಬಾಯಿಜೋರಿಗೆ ಹೆಸರಾದವಳು. ಸಂತೆಯಲ್ಲಿ ಅವಳೆದುರು ಮಾತಾಡಿ ಗೆದ್ದವರಿಲ್ಲ. ಆದರೆ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ತೀರುತ್ತದೆಂದು ನಂಬಿದ್ದಳು. ಜನ ಎಣಿಸುವ ಖಾನೇಷುಮಾರಿಯವರು ಮನೆಮನೆಗೆ ಬಂದಾಗಲೂ ‘ತೀರ್ಥಪ್ಪ’ ಎಂದು ಪಕ್ಕದ ಮನೆಯವಳ ಕೈಲಿ ಹೇಳಿಸಿದ್ದಳು. ನಾವೆಲ್ಲ ನಕ್ಕಿದ್ದೆವು. ನಗಬಾರದಿತ್ತು.

ದೊಡ್ಡಪ್ಪ ಪೋರ್ಚುಗೀಸರ ಗೋವೆಗೆ, ಬಂದರಿನ ಕೆಲಸಕ್ಕೆ ಹೋಗಿದ್ದ. ಜೊತೆಯವನೊಬ್ಬ ಊರಿಗೆ ಬಂದು, ತೀರ್ಥಪ್ಪನಿಗೆ ವಿಪರೀತ ಜ್ವರ, ಆಸ್ಪತ್ರೆಗೆ ಹಾಕಿದ್ದಾರೆ, ಉಳಿಯುವುದು ಕಷ್ಟ ಎಂದ. ದೊಡ್ಡಮ್ಮ ಹೊರಟೇಬಿಟ್ಟಳು. ಕೊಯ್ಲಿದೆ ಎಂದು ನಮ್ಮಪ್ಪ ನುಣುಚಿಕೊಂಡ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ನಮ್ಮೂರ ರೈಲು ಸ್ಟೇಷನ್ನಿನಲ್ಲಿ ಅಡುಗೆಗಿದ್ದ ಗೋವೆಯ ಪೆದ್ರು ಅವಳಿಗೆ ಪೋರ್ಚುಗೀಸರ ಆರು ಮಾತು ಕಲಿಸಿದ. ಓಂದ್ ಅಂದರೆ ಎಲ್ಲಿ. ಅಕಿ ಇಲ್ಲಿ, ಅಲಿ ಅಲ್ಲಿ, ಲಾ ಇನ್ನೂ ಆಚೆ. ಪೆರ್ತು ಹತ್ತಿರ, ಲೋಂಜ್ ದೂರ. ಬರೆದುಕೊಡಲು ಅವನಿಗೂ ಅಕ್ಷರ ಬರುತ್ತಿರಲಿಲ್ಲ.

“ಮೊದ್ಲು ಯಜಮಾನ್ರ ಹೆಸ್ರು ಹೇಳಿ, ಆಮೇಲೆ ‘ಓಂದ್’ ಅನ್ನಿ ಅಮ್ಮ. ಅಷ್ಟೇ ಸಾಕು.”

ಅವಳು ತಲೆಯಾಡಿಸಿದಳು. ರೈಲಿನುದ್ದಕ್ಕೂ ಆರು ಮಾತನ್ನೂ ಜಪದ ಹಾಗೆ ಹೇಳಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಗುಮಾಸ್ತ ಕೂತಿದ್ದ. “ಓಂದ್?” ಎಂದಳು. ಅವನು ರಿಜಿಸ್ಟರು ತೆರೆದು ಏನೋ ಕೇಳಿದ. ಹೆಸರು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಸಾಯಲು ಬಿದ್ದವನ ಹೆಸರನ್ನು ಬಾಯಿಬಿಟ್ಟು ಹೇಗೆ ಹೇಳುವುದು?

“ನಮ್ಮೋರು ಕಣಪ್ಪ, ನಮ್ಮನೆಯೋರು, ಶಿವನಿಯೋರು...” ಎಂದು ಅತ್ತಳು, ಕೈಮುಗಿದಳು, ಕತ್ತಿನ ತಾಳಿ ತೋರಿಸಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಸಂಜೆ ಬಾಗಿಲು ಹಾಕಿದರು. ಅವಳು ಹೊರಜಗುಲಿಯಲ್ಲಿ ಗೋಡೆಗೆ ಒರಗಿ ಕೂತಳು.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕಣ್ಣು ಮುಚ್ಚಿಕೊಂಡು, ಜನ್ಮದಲ್ಲಿ ಮೊದಲ ಸಲ, “ತೀರ್ಥಪ್ಪ” ಎಂದಳು. ಗುಮಾಸ್ತನ ಬೆರಳು ಪಟ್ಟಿಯಲ್ಲಿ ಇಳಿದು ಒಂದು ಕಡೆ ನಿಂತಿತು. ಅವನು ಟೋಪಿ ತೆಗೆದ. “ಅಕಿ” ಎಂದು, ಅವಳು ಒರಗಿದ್ದ ಗೋಡೆಯನ್ನೇ ತೋರಿಸಿದ. ಅದರ ಹಿಂದಿನ ಮಂಚದಲ್ಲಿ ದೊಡ್ಡಪ್ಪ ಬೆಳಗಿನ ಜಾವ ಪ್ರಾಣ ಬಿಟ್ಟಿದ್ದ. ಮೈಯಲ್ಲಿ ಇನ್ನೂ ಬಿಸಿಯಿತ್ತು.

“ಹೆಸ್ರು ಹೇಳ್ಬಿಟ್ಟೆ, ಹೋಗ್ಬಿಟ್ರು. ನಾನೇ ಕೊಂದೆ ಕಣೇ,” ಎಂದು ಸಾಯುವವರೆಗೂ ನನ್ನೆದುರು ಎದೆ ಬಡಿದುಕೊಂಡಳು. ನೀನು ಹೇಳುವ ಮುಂಚೆಯೇ ಹೋಗಿದ್ದ ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ದಿನವೇ ಹೇಳಿದ್ದರೆ ಅವಳ ಕೈಯಿಂದ ಒಂದು ಗುಟುಕು ನೀರಾದರೂ ಕುಡಿಯುತ್ತಿದ್ದ. ಅದನ್ನು ಮಾತ್ರ ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.