ಅಳತೆಗೆ ಹಾಕಿದ ಬಳೆ

ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಗ ನಾನು ಎರಡನೇ ಕ್ಲಾಸಿನಲ್ಲಿದ್ದೆನೋ ಮೂರನೆಯದರಲ್ಲೋ, ಕೋಣೆಯ ಬಾಗಿಲು ಮುಚ್ಚಿತ್ತೋ ಬರೀ ಪರದೆ ಎಳೆದಿತ್ತೋ, ಖಚಿತವಿಲ್ಲ. ಮನೆಯಲ್ಲಿ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಇನ್ನೊಂದಿಷ್ಟು ಬದಲಾಗಿರಲೂಬಹುದು. ಬಳೆಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ.

ಚೆಂಬೂರಿನ ನಮ್ಮ ಮನೆಯೆಂದರೆ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ತುಳುವಿನ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಒಂದು ದಿನ ಅಮ್ಮ ತೀರಿಕೊಂಡವರಿಗೆ ಬಡಿಸುತ್ತಿದ್ದಳು. ನಮ್ಮ ಕಡೆ ಅನೇಕರ ಮನೆಯಲ್ಲಿ ಇರುವ ಕ್ರಮವೇ. ಅಪ್ಪ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಬಾಳೆಎಲೆ ತಂದುಕೊಟ್ಟು ಕೆಲಸಕ್ಕೆ ಹೊರಡುತ್ತಿದ್ದರು. ಕೋಣೆಯಲ್ಲಿ ಅಜ್ಜನಿಗೆ, ಅಜ್ಜಿಗೆ ದೊಡ್ಡ ಎಲೆ. ಪಕ್ಕದಲ್ಲೊಂದು ಚಿಕ್ಕ ಎಲೆ, ಅದರ ಬದಿಗೆ ಹೊಸ ಗಾಜಿನ ಬಳೆ. ಆ ಬಳೆಯನ್ನು ಅಮ್ಮ ಮೊದಲು ನನ್ನ ಕೈಗೆ ಹಾಕಿ ಅಳತೆ ನೋಡಿ, ಆಮೇಲೆ ತೆಗೆದು ಅಲ್ಲಿಡುತ್ತಿದ್ದಳು. ವರ್ಷ ಹೋದಂತೆ ಬಳೆ ದೊಡ್ಡದಾಗುತ್ತಿತ್ತು. ಎಲೆಯೂ.

"ಇದು ಯಾರಿಗಮ್ಮಾ?"

"ನಿನಗಿಂತ ಮೊದಲು ಒಂದು ಮಗು ಇತ್ತು. ಅದಕ್ಕೆ."

"ಸತ್ತವರು ದೊಡ್ಡ ಆಗ್ತಾರಾ?"

"ಮತ್ತೆಂತ, ಹಾಗೇ ಮಲಗಿರ್ತಾರಾ?"

ಬಡಿಸಿ ಹೊರಗೆ ಬರುವ ಮೊದಲು ಅಮ್ಮ ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುತ್ತಿದ್ದಳು. ಒಂದು ವರ್ಷ ಒಳಗಿನಿಂದ ನನ್ನ ಹೆಸರು ಕೇಳಿಸಿತು. "ಬಂದೆ" ಎನ್ನಲು ಬಾಯಿ ತೆರೆದೆ. ಬೊರಿವಲಿಯಿಂದ ಬಂದಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಕೈಯಲ್ಲಿ ತೆಂಗಿನಕಾಯಿ ತುರಿದ ವಾಸನೆ.

"ಓಗೊಡಬೇಡ. ನಿನ್ನನ್ನಲ್ಲ ಕರೆದದ್ದು."

ಇದು ನಡೆದದ್ದೇ, ಅಥವಾ ವೀಸಾದ ಗಲಾಟೆಯ ನಂತರ ನಾನೇ ಕಟ್ಟಿಕೊಂಡದ್ದೇ? ಶಾಲೆಯ ದಿನಗಳಲ್ಲಿ ಬರೆಯುತ್ತಿದ್ದ ಡೈರಿಯಲ್ಲಿ ಹುಡುಕಿದೆ. ಎಲ್ಲಿಯೂ ಬರೆದಿಲ್ಲ. ಹೆದರಿದ್ದನ್ನು ಬರೆಯುವ ಅಭ್ಯಾಸ ನನಗೆ ಆಗ ಇರಲಿಲ್ಲ.

ಎಂ.ಎ. ಮುಗಿಸಿ ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಪಡೆದೆ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಕೋಣೆಯಲ್ಲಿ ಅವರಿಗೂ ಒಂದು ಎಲೆ ಸೇರಿತ್ತು. ವೀಸಾಕ್ಕೆ ಕೊಟ್ಟ ಜನನ ಪ್ರಮಾಣಪತ್ರವನ್ನು ಆ ದೇಶದವರು ಇಲ್ಲಿ ಪರಿಶೀಲನೆ ಮಾಡಿಸಿದರು. ಆ ಹೆಸರಿನ, ಆ ತಾರೀಖಿನ, ಅದೇ ತಂದೆತಾಯಿಯ ಹೆಣ್ಣುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿದೆ ಎಂದು ಗೊತ್ತಾಯಿತಂತೆ. ಸುಳ್ಳು ಗುರುತಿನ ದಾಖಲೆ ಎಂಬ ಕಾರಣಕ್ಕೆ ವೀಸಾ ನಿರಾಕರಿಸಿದರು.

ವೀಸಾ ಏಜೆಂಟ್ ಆ ನಿರಾಕರಣೆಯ ಪತ್ರವನ್ನು ಎರಡು ಸಲ ಓದಿ ನಕ್ಕ. "ಪೇಪರ್ ತೋ ಅಸಲೀ ಹೈ ಮೇಡಂ. ಆಪ್ ಹೀ ನಕಲೀ ನಿಕಲೀ." ಕಾಗದ ಅಸಲಿ, ನಾನೇ ನಕಲಿ. ನಾನೂ ನಕ್ಕೆನೆಂದು ಕಾಣುತ್ತದೆ. ಆಮೇಲೆ ಅವನೇ ದಾರಿಯನ್ನೂ ಹೇಳಿದ. ನನ್ನ ನಿಜವಾದ ಜನನವನ್ನು ಊರಿನಲ್ಲಿ ತಡವಾಗಿಯಾದರೂ ನೋಂದಾಯಿಸಿ, ನಡೆದದ್ದನ್ನೆಲ್ಲ ಬರೆದು ಕೊಟ್ಟರೆ ಮರುಪರಿಶೀಲನೆ ಕೇಳಬಹುದು. ಜನವರಿಯ ಬ್ಯಾಚಿನವರೆಗೆ ಸೀಟು ಇರುತ್ತದೆ. ಆದರೆ ಹುಟ್ಟಿದ ದಿನ ಬೇಕು. ಹೆಸರು ಬೇಕು.

ಅಮ್ಮ ಅವರೆಕಾಯಿ ಬಿಡಿಸುತ್ತ, ತಲೆಯೆತ್ತದೆ ಹೇಳಿದಳು. "ನೀನು ಹುಟ್ಟಿದ್ದು ಊರಿನ ಮನೆಯಲ್ಲಿ. ಬರೆಸ್ಲಿಕ್ಕೆ ಯಾರೂ ಹೋಗ್ಲಿಲ್ಲ. ಇಲ್ಲಿ ಶಾಲೆಯವರು ಸರ್ಟಿಫಿಕೇಟ್ ತನ್ನಿ ಅಂದ್ರು. ಮನೆಯಲ್ಲಿ ಒಂದು ಇತ್ತಲ್ಲ, ಅಪ್ಪ ಅದನ್ನೇ ಕೊಟ್ಟು ಬಂದ್ರು. ಆ ಸಂಜೆಯಿಂದ ಅದೇ ಹೆಸರಲ್ಲಿ ಕರೆದೆವು." ಬಿಡಿಸಿದ ಕಾಳನ್ನು ಪಾತ್ರೆಗೆ ಸುರಿದು ಸೇರಿಸಿದಳು. "ನೀನೂ ಓಗೊಟ್ಟಿ."

ದೊಡ್ಡಮ್ಮ ಮರುದಿನವೇ ಬೊರಿವಲಿಯಿಂದ ಬಂದರು. "ಅವಳ ಹೆಸರು ಇವಳಿಗೆ ಬೇಡ ಅಂತ ಆಗಲೇ ಬಡ್ಕೊಂಡೆ. ಕೇಳಿದ್ರಾ ಗಂಡಹೆಂಡತಿ? ಪ್ರಾಯಕ್ಕೆ ಬಂದವಳನ್ನು ಮದುವೆ ಮಾಡದೆ ಕೂರಿಸಿದ್ರೆ ತಂಗಿಯನ್ನು ಹೊಸಲು ದಾಟ್ಲಿಕ್ಕೆ ಬಿಡ್ತಾಳಾ?"

ನಮ್ಮ ಕಡೆ, ಚಿಕ್ಕಂದಿನಲ್ಲಿ ಸತ್ತವರಿಗೆ ಮದುವೆಯ ವಯಸ್ಸಾದಾಗ ಅವರಂತೆಯೇ ತೀರಿಕೊಂಡ ಮತ್ತೊಬ್ಬರ ಜೊತೆ ಮದುವೆ ಮಾಡಿಸುವ ಪದ್ಧತಿ ಇದೆ. ಅದರ ಮೇಲೆ ಎಂ.ಎ.ಯಲ್ಲಿ ಸೆಮಿನಾರ್ ಕೊಟ್ಟವಳು ನಾನು. ಎಷ್ಟು ಸಲೀಸಾಗಿ ಮಾತಾಡಿದ್ದೆ! ಮದುವೆಯ ನಂತರ ಹುಡುಗಿ ಗಂಡನ ಮನೆಯವಳಾಗುತ್ತಾಳೆ, ಅವಳಿಗೆ ಅಲ್ಲಿಯೇ ಬಡಿಸುತ್ತಾರೆ, ತವರಿನಲ್ಲಿ ಮತ್ತೆ ಎಲೆ ಇಡುವುದಿಲ್ಲ ಎಂದು ನಾನೇ ವಿವರಿಸಿದ್ದೆ.

ದೊಡ್ಡಮ್ಮ ಸಂಬಂಧವನ್ನೂ ಹುಡುಕಿಬಿಟ್ಟರು. "ಒಳ್ಳೆ ಮನೆ. ಹುಡುಗ ಸಣ್ಣದಿರುವಾಗಲೇ ಕೆರೆಗೆ ಬಿದ್ದು ಹೋದವ. ಅವರ ಕಡೆಯಿಂದ ಎಂತದ್ದೂ ತಕರಾರಿಲ್ಲ." ನನ್ನತ್ತ ತಿರುಗಿ ನಕ್ಕರು. "ನೋಡು ಮಾರಾಯ್ತಿ, ಪುಸ್ತಕ ಹಿಡ್ಕೊಂಡು ನೀನು ಕೂತದ್ದೇ ಬಂತು. ಅವಳಿಗೇ ಮೊದಲು ಕೂಡಿ ಬಂತು."

ಮದುವೆ ಊರಿನಲ್ಲಿ. ಅಲ್ಲಿ ಹುಡುಗಿಯ ಹೆಸರು ಹೇಳಿ ಧಾರೆಯೆರೆದು ಕೊಡುತ್ತಾರೆ. ನನಗೆ ಬರಲೇಬಾರದೆಂದು ದೊಡ್ಡಮ್ಮ ತಾಕೀತು ಮಾಡಿದ್ದಾರೆ. ಕೂಗಿದಾಗ ಅಪ್ಪಿತಪ್ಪಿ ತಿರುಗಿ ನೋಡಿಬಿಟ್ಟರೆ ಎಂದು ಅವರಿಗೆ ಭಯ. ನಾನು ನಂಬುವುದಿಲ್ಲ. ಆದರೂ ಟಿಕೆಟ್ ಮಾಡಿಸಿಲ್ಲ.

ನಿನ್ನೆ ಮಧ್ಯಾಹ್ನ ಅಮ್ಮ ಮದುಮಗಳಿಗೆಂದು ಹಸಿರು ಬಳೆ ತಂದಳು. ಕರೆಯಲಿಲ್ಲ, ಹೆಸರು ಹಿಡಿದು ಕರೆಯುವುದನ್ನು ಅವಳು ಈಚೆಗೆ ಬಿಟ್ಟಿದ್ದಾಳೆ. ಎದುರು ಬಂದು ಕೈ ಚಾಚಿದಳು, ನಾನೂ ಕೈ ಕೊಟ್ಟೆ. ಬಳೆ ಒಂದೊಂದಾಗಿ ಏರಿದವು. ಸರಿಯಾದ ಅಳತೆ. ಅಮ್ಮನ ಮುಖದಲ್ಲಿದ್ದ ಸಮಾಧಾನ ನನ್ನನ್ನು ನೋಡಿ ಬಂದದ್ದಲ್ಲ.

ಶಾಲೆಗೆ ಸೇರುವ ಮೊದಲು ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು "ಬಾಲೆ" ಎಂದು ಮಾತ್ರ ನೆನಪು. ತುಳುವಿನಲ್ಲಿ ಹಾಗೆಂದರೆ ಮಗು, ಯಾರ ಮಗುವೂ ಆಗಬಹುದು. ಅವಳು ಬಳೆ ತೆಗೆಯತೊಡಗಿದಾಗ ನಾನು ಕೈಯನ್ನು ಹಿಂದಕ್ಕೆಳೆದುಕೊಂಡು ಕೇಳಿದೆ.

"ಅಮ್ಮಾ, ತೊಟ್ಟಿಲಿಗೆ ಹಾಕಿದ ದಿನ ನನ್ನ ಕಿವಿಯಲ್ಲಿ ಯಾವ ಹೆಸರು ಹೇಳಿದ್ದಿ?"