ಎರಡು ಸಲ ಗಂಜಿ ಕುಡಿದ ಕಂಬಳಿ

ಅಟ್ಟದಿಂದ ಇಳಿಸಿದ ಕಂಬಳಿಗೆ ಒಂದು ವಾಸನೆಯಿದೆ. ಒದ್ದೆ ಕುರಿ, ಹುಣಸೆಬೀಜ, ಹೊಗೆ, ಈ ಮೂರೂ ಒಂದೇ ಕೋಣೆಯಲ್ಲಿ ಜಗಳವಾಡಿಕೊಂಡು ಮಲಗಿದಂಥ ವಾಸನೆ. ಮೊನ್ನೆ ನನ್ನ ಹೆಂಡತಿ ಅದನ್ನು ಬಿಸಿಲಿಗೆ ಹಾಕುವ ಹೊತ್ತಿಗೆ, ಪರೀಕ್ಷೆಗೆ ಓದಲೆಂದು ನಮ್ಮಲ್ಲಿಗೆ ಬಂದಿರುವ ನನ್ನ ತಂಗಿಯ ಮಗಳು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಪಾಠ ಉರು ಹೊಡೆಯುತ್ತಿದ್ದಳು. ದೇಶದೇಶಗಳ ನಡುವಿನ ವ್ಯಾಪಾರದ ಪುಸ್ತಕ. ಬೆಲೆ, ಖರ್ಚು, ಲಾಭದ ಸಿದ್ಧಾಂತಗಳಿಗೆ ಅರ್ಧ ಪುಸ್ತಕ. ಕಾನೂನು, ಕರಾರು, ಸರ್ಕಾರಗಳ ಸಿದ್ಧಾಂತಗಳಿಗೆ ಉಳಿದರ್ಧ. ಕೊನೆಗೆ, ಮದುವೆಗೆ ತಡವಾಗಿ ಬಂದ ನೆಂಟರ ಹಾಗೆ, ಸಂಸ್ಕೃತಿಗೆ ನಾಲ್ಕು ಪುಟ. ಮೊದಲ ಎರಡರಿಂದ ವಿವರಿಸಲಾಗದೆ ಮಿಕ್ಕಿದ್ದೆಲ್ಲ ಸಂಸ್ಕೃತಿಯಂತೆ.

ನನಗೆ ರೇಗಿತು. ರೇಗಿದ ಮೇಲೆ, ಈ ವಯಸ್ಸಿನಲ್ಲಿ ರೇಗಬಾರದಿತ್ತು, ಬಿಪಿ ಏರಿರಬಹುದು ಎಂಬ ಚಿಂತೆ ಹತ್ತಿತು. ಚಿಂತೆ ಮಾಡಿದರೂ ಏರುತ್ತದಂತೆ. ಇದಕ್ಕೆ ಕೊನೆಯಿಲ್ಲ, ಬಿಡಿ. ಸಿಟ್ಟು ಆರುವ ಮುಂಚೆ ಆ ಕಂಬಳಿಯ ವಿಷಯ ನಿಮಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ನಡುವೆ ನಾನು ಚಿತ್ರದುರ್ಗದ ಒಂದು ರಫ್ತು ಕಂಪನಿಯಲ್ಲಿ ತಾತ್ಕಾಲಿಕ ಗುಮಾಸ್ತನಾಗಿದ್ದೆ. ಕಂಪನಿಯೆಂದರೆ ಎರಡು ಕೋಣೆ, ಒಂದು ಟೈಪ್‌ರೈಟರು, ಒಬ್ಬ ಮ್ಯಾನೇಜರು. ಜರ್ಮನಿಯಿಂದ ಬಂದಿದ್ದ ವ್ಯಾಪಾರಿಯೊಬ್ಬ ನಮ್ಮ ವಾಚ್‌ಮನ್ ಹೊದ್ದಿದ್ದ ಕಂಬಳಿಯನ್ನು ಮುಟ್ಟಿ, ಕೆನ್ನೆಗೆ ಒತ್ತಿಕೊಂಡು, ಇಂಥವೇ ಇಪ್ಪತ್ತು ಕಳಿಸಿ, ಹಿಡಿಸಿದರೆ ಮುಂದೆ ಸಾವಿರ ಎಂದು ಹೇಳಿಹೋದ. ಆ ಇಪ್ಪತ್ತು ಸರಿಯಾಗಿ ಬಂದರೆ ನಿನ್ನ ನೌಕರಿ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಊರು ಸೇರಿಕೊ ಎಂದು ಮ್ಯಾನೇಜರು ನಗುತ್ತಲೇ ಹೇಳಿದರು. ನನಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಅಪ್ಪನಿಗೆ ನೌಕರಿ ಕಾಯಂ ಎಂದೇ ಹೇಳಿಯೂ ಆಗಿತ್ತು.

ಹೊಳಲ್ಕೆರೆ ದಾಟಿ, ಹೊಸದುರ್ಗದಲ್ಲಿ ಬಸ್ಸು ಇಳಿದು, ತೆಂಗಿನ ತೋಟಗಳ ಅಂಚಿನಲ್ಲಿ ಒಂದು ಗಂಟೆ ನಡೆದರೆ ಕರಿಯಜ್ಜನ ಊರು. ಕುರಿ ಅವನದೇ, ಮಗ್ಗ ಅವನದೇ. ನೂಲುವವಳು ಅವನ ಹೆಂಡತಿ ಕೆಂಚಮ್ಮ. ನಾನು ಹೋಗುತ್ತಲೇ ಅಜ್ಜ ಹೊಸ ಕಂಬಳಿಯೊಂದನ್ನು ಒಳಗಿಂದ ತಂದು ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದ. ನಾನು ಮದುವೆಗೆಂದು ಹೊಲಿಸಿದ್ದ ಬಿಳಿ ಪ್ಯಾಂಟು ಹಾಕಿಕೊಂಡಿದ್ದೆ. ಕಂಪನಿಯ ಘನತೆ ನೋಡಿ. ಉಣ್ಣೆ ಅಂಟೀತು, ಉಣ್ಣೆಯಲ್ಲಿ ಏನಾದರೂ ಕಚ್ಚೀತು ಎಂದು ಹೆದರಿ, ಪಕ್ಕದ ಕಲ್ಲಿನ ಮೇಲೆ ಕರ್ಚೀಫು ಹಾಸಿಕೊಂಡು ಕೂತೆ. ಅಲ್ಲಿಂದಲೇ ಟೈಪು ಮಾಡಿದ ಕರಾರು ಓದಿದೆ: ಉದ್ದ ಇಷ್ಟು, ಅಗಲ ಇಷ್ಟು, ಇಂಥ ತಾರೀಖಿನೊಳಗೆ. ಹುಣಸೆಬೀಜದ ಗಂಜಿಯನ್ನು ನೂಲಿಗೆ ಹಚ್ಚುವುದು ಸರಿ, ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ಕಡಿಯುತ್ತದೆ. ಆದರೆ ನೇಯ್ದ ಮೇಲೆ ಹಚ್ಚಕೂಡದು, ಮಾಲು ಮೆತ್ತಗಿರಬೇಕು. ಅಜ್ಜ ಎಲ್ಲಕ್ಕೂ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ಹಾಸಿದ ಕಂಬಳಿ ನಮ್ಮಿಬ್ಬರ ನಡುವೆ ಖಾಲಿ ಬಿದ್ದಿತ್ತು.

ಮೂರು ವಾರ ಬಿಟ್ಟು ಹೋದರೆ, ಅಂಗಳದಲ್ಲಿ ಇಪ್ಪತ್ತು ಕಂಬಳಿಗಳು ತಹಸೀಲ್ದಾರರ ಮುಂದೆ ಅರ್ಜಿ ಹಿಡಿದು ಬಂದವರ ಹಾಗೆ ಸಾಲಾಗಿ ನಿಂತಿದ್ದವು. ಆಸರೆಯಿಲ್ಲದೆ, ತಮ್ಮಷ್ಟಕ್ಕೆ ತಾವೇ. ಬೆರಳಿನಿಂದ ಬಡಿದರೆ ಬಾಗಿಲು ಬಡಿದ ಸದ್ದು. ನನ್ನ ಮದುವೆ ಆ ಸದ್ದಿನಲ್ಲೇ ಮುರಿದುಬಿದ್ದಂತಾಯಿತು.

"ಗಂಜಿ ಬ್ಯಾಡ ಅಂದಿದ್ನಲ್ಲ ಅಜ್ಜ."

"ಅಂದಿದ್ರಿ. ಪ್ಯಾಟೆಯೋರು ಗಂಜಿ ಬ್ಯಾಡ ಅನ್ನಾದು ರೇಟು ಇಳಿಸಾಕೆ. ನಮ್ಗೆ ಗೊತ್ತಿಲ್ವಾ? ಊರಾಚೆ ಹೋಗೋ ಮಾಲು, ಮೆತ್ತಗೈತೆ, ಕಳಪೆ ಅನ್ನಬಾರ್ದು ಅಂತ ಎಲ್ಡು ಸಲ ಬಳ್ದೀವಿ. ರೇಟು ಮಾತ್ರ ಅದೇ."

ಹೆಬ್ಬೆಟ್ಟು ಒತ್ತಿದ್ದು ಮತ್ತೇಕೆ ಎಂದು ನಾನು ಹೆಚ್ಚುಕಡಿಮೆ ಅಳುತ್ತಲೇ ಕೇಳಿದೆ.

"ಹೆಬ್ಬೆಟ್ಟು ತಾಲ್ಲೂಕಾಫೀಸ್ನಾಗೂ ಒತ್ತೀನಿ. ಅದು ಮಾತು ಹೆಂಗಾಗ್ತೈತೆ? ಮಾತು ಕೊಡೋರು ಕಂಬ್ಳಿ ಮ್ಯಾಲೆ ಕುಂತು ಕೊಡ್ತಾರೆ. ನೀನು ಕಲ್ಲಿನ ಮ್ಯಾಲೆ ಕುಂತಿದ್ದೆ. ಮಾತೇ ಆಗ್ಲಿಲ್ಲ ಅಂದ್ಮ್ಯಾಲೆ ನನ್ನ ಮರ್ವಾದಿಗೆ ತಕ್ಕಂಗೆ ನೇದೆ."

ಕೆಂಚಮ್ಮ ನೂಲುತ್ತಲೇ, "ಪ್ಯಾಂಟು ಭಾಳ ಬೆಳ್ಳಗಿತ್ತಲ್ಲ, ಪಾಪ" ಎಂದಳು.

ಆಗ ನಾನು ನಿಜ ಹೇಳಿದೆ: ಜರ್ಮನಿಯವನು ಮುಟ್ಟಿ ಮೆಚ್ಚಿದ್ದು ವಾಚ್‌ಮನ್ ಐದು ವರ್ಷ ಹೊದ್ದ ಕಂಬಳಿ. ಅಜ್ಜ ಒಳಗಿಂದ ಕಂಬಳಿ ತಂದು ಮತ್ತೆ ಹಾಸಿದ.

"ಹಂಗಾದ್ರೆ ಅವ್ನಿಗೆ ಬೇಕಾಗಿರಾದು ಕಂಬ್ಳಿ ಅಲ್ಲಪ್ಪ, ಐದು ವರ್ಷ. ಅದನ್ನ ನಾನೆಂಗೆ ನೇಯ್ಲಿ? ಆಗ್ಲಿ, ಈಗಾದ್ರೂ ಕುಂತ್ಕ. ಇನ್ನೊಂದ್ಸಲ ಸರಿಯಾಗಿ ಹೇಳು. ತಿಂಗ್ಳೊಪ್ಪತ್ತಿನಾಗೆ ಆದಷ್ಟು ಮೆತ್ತಗೆ ನೇದುಕೊಡ್ತೀನಿ."

ಕರಾರಿನ ಪ್ರಕಾರ ಉಳಿದದ್ದು ಎಂಟು ದಿನ. ನಾನು ಗಡಿಯಾರ ನೋಡಿದೆ. ಬಸ್ಸಿಗೆ ಹೊತ್ತಾಗಿತ್ತು. ಎರಡನೇ ಸಲವೂ ಕೂರಲಿಲ್ಲ. ಅಜ್ಜ ಒಂದು ಕಂಬಳಿಯನ್ನು ಹಲಗೆಯಂತೆ ನನ್ನ ಹೆಗಲ ಮೇಲಿಟ್ಟು, ಮದುವೆಗೆ ಇಟ್ಕ ಎಂದ. ಉಳಿದ ಹತ್ತೊಂಬತ್ತು ಸಂತೆಯಲ್ಲಿ ಒಂದೇ ದಿನದಲ್ಲಿ ಖರ್ಚಾದವಂತೆ. ಅಲ್ಲಿ ನಿಲ್ಲುವ ಕಂಬಳಿಗೇ ಗಿರಾಕಿ.

ಮ್ಯಾನೇಜರು ನನ್ನ ಹೆಗಲ ಮೇಲಿದ್ದದ್ದನ್ನು ಒಮ್ಮೆ ಬಡಿದು ನೋಡಿ, ಜರ್ಮನಿಗೆ ಪತ್ರ ಬರೆಸಿದರು. ನೇಕಾರರು ಹಿಂದುಳಿದ ಸಂಸ್ಕೃತಿಯವರು, ಕರಾರೆಂದರೇನೆಂದು ತಿಳಿಯದವರು, ಹಾಗಾಗಿ ವ್ಯಾಪಾರ ಸಾಧ್ಯವಾಗಲಿಲ್ಲ. ಟೈಪು ಮಾಡಿದವನು ನಾನು. ಒಂದು ಕಡೆ ಅವರ ಇಂಗ್ಲಿಷನ್ನು ತಿದ್ದಿಯೂ ಕೊಟ್ಟೆ. ಪ್ಯಾಂಟಿನ ಸುದ್ದಿ ಎತ್ತಲಿಲ್ಲ. ತಪ್ಪು ಸಂಸ್ಕೃತಿಯದಾದ ಮೇಲೆ ಗುಮಾಸ್ತನದೇನು? ನೌಕರಿ ಕಾಯಂ ಆಯಿತು, ಮದುವೆಯೂ ಆಯಿತು. ಸಾವಿರ ಕಂಬಳಿಯ ಆರ್ಡರು ಕರಿಯಜ್ಜನ ಕೈ ತಪ್ಪಿತು. ಯಾಕೆಂದು ಅವನಿಗೆ ಹೇಳಲು ನಾನು ಆ ಕಡೆ ತಲೆ ಹಾಕಲೇ ಇಲ್ಲ.

ಅರ್ಥವಾಯಿತಲ್ಲ, ಪುಸ್ತಕದ ಮೇಲೆ ನನಗೆ ಯಾಕೆ ರೇಗಿತೆಂದು? ಆ ನಾಲ್ಕು ಪುಟಗಳನ್ನು ನಾನೇ ಬರೆದುಕೊಟ್ಟ ಹಾಗಿತ್ತು. ಅಜ್ಜನ ರೇಟಿನ ಲೆಕ್ಕಾಚಾರ, ಅವನ ಹೆಬ್ಬೆಟ್ಟು, ಅವನು ಹಾಸಿದ ಕಂಬಳಿ, ಇವುಗಳಲ್ಲಿ ಎಲ್ಲಿ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುತ್ತದೋ ಯಾರಾದರೂ ತೋರಿಸಲಿ ನೋಡೋಣ.

"ಮಾಮ, ಸಂಸ್ಕೃತಿ ಅಂದ್ರೆ ಮಿಕ್ಕಿದ್ದು ಅಂತ್ಲೇ ಬರೀಲಾ?" ಎಂದಳು ಹುಡುಗಿ.

ಬಿಸಿಲಿನಲ್ಲಿದ್ದ ಕಂಬಳಿಯನ್ನು ಎತ್ತಿಕೊಂಡೆ. ಇಪ್ಪತ್ತು ವರ್ಷ ಹೊದ್ದು, ಹಾಸಿ, ಮಡಚಿ, ಅಟ್ಟಕ್ಕೇರಿಸುವ ಹೊತ್ತಿಗೇ ಎರಡು ಸಲದ ಗಂಜಿಯ ಬಿಗಿಯೂ ಕರಗಿಹೋಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಕೆನ್ನೆಗೆ ಒತ್ತಿಕೊಂಡೆ. ಜರ್ಮನಿಯವನು ಕೇಳಿದ್ದು ಇದನ್ನೇ. ಜಗಲಿಯ ಮೇಲೆ ಹಾಸಿ, ಬಾ ಕೂತ್ಕೊ ಎಂದೆ. ಅವಳು ತನ್ನ ಬಿಳಿ ಚೂಡಿದಾರ ನೋಡಿಕೊಂಡಳು.

ನಾನೇ ಮೊದಲು ಕೂತೆ. ಕಂಬಳಿಯ ಮೇಲೆ ಕೂತವನು ಸುಳ್ಳು ಹೇಳುವಂತಿಲ್ಲ. ಹಾಗಾಗಿ ಪ್ಯಾಂಟಿನಿಂದಲೇ ಶುರುಮಾಡಿದೆ.