ಅತ್ತೆ ನೋಡುತ್ತಿದ್ದ ಮೋಡಗಳು

ಶ್ಯಾವಿಗೆ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಬಿಸಿಲಲ್ಲಿ ಒಣಗಿದ ಗೋಧಿಯ ವಾಸನೆ, ಅದು ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಬಂದು ನನ್ನನ್ನು ಹುಮನಾಬಾದಿನ ಹಳೆಯ ಮಾಳಿಗೆಯ ಮೇಲೆ ಕೂರಿಸಿತು. ಮಂಡಿನೋವಿನ ಮುದುಕಿಗೆ ಇದೊಂದು ಅನುಕೂಲ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ನೀವೂ ಬನ್ನಿ. ಮಣ್ಣಿನ ಮಾಳಿಗೆಯಾದರೂ ಗಟ್ಟಿಯಾಗಿದೆ.

ನನ್ನ ತವರು ಕಲ್ಯಾಣ, ಈಗಿನ ಬಸವಕಲ್ಯಾಣ. ನಿಜಾಮರ ಕಾಲ, ಮೂವತ್ತರ ದಶಕ ಮುಗಿಯುತ್ತಿತ್ತು. ಮದುವೆಯಾಗಿ ಎತ್ತಿನ ಬಂಡಿಯಲ್ಲಿ ಹುಮನಾಬಾದಿಗೆ ಬಂದಾಗ ನನಗೆ ಗೊತ್ತಿದ್ದ ಮೋಡಗಳು ಎರಡೇ ಬಗೆ: ಮಳೆ ಸುರಿಸುವುದು, ಸುರಿಸದೆ ಹೋಗುವುದು. ಅತ್ತೆಯ ಲೆಕ್ಕವೇ ಬೇರೆ. ವೈಶಾಖದ ಮಧ್ಯಾಹ್ನ ಅಲ್ಲೊಂದು ಇಲ್ಲೊಂದು ಬಿಳಿ ತುಂಡು. ಸಂಜೆಗೆ ಕರಗಿದರೆ ಸರಿ, ಬುಡ ಕಪ್ಪಾಗಿ ಮೇಲಕ್ಕೆ ಬೆಳೆದರೆ ಗುಡುಗು, ಆಲಿಕಲ್ಲು. ಆಷಾಢದಲ್ಲಿ ಪಡುವಣದಿಂದ ಅಂಚೇ ಇಲ್ಲದ ಬೂದು ಕಂಬಳಿ ಬಂದು ಮುಗಿಲನ್ನೆಲ್ಲ ಹೊದಿಸುತ್ತದೆ. ಸೂರ್ಯ ವಾರಗಟ್ಟಲೆ ನಾಪತ್ತೆ, ಮಳೆ ಮಾತ್ರ ಬರೀ ಜಿನುಗು. ಭಾದ್ರಪದದಲ್ಲಿ ಬೆಳಿಗ್ಗೆ ಬಿಸಿಲು, ಇಳಿಹೊತ್ತಿಗೆ ರಾಶಿ ಮೋಡ. ದೀಪಾವಳಿ ದಾಟಿದರೆ ಮುಗಿಲು ಗುಡಿಸಿಟ್ಟ ಅಂಗಳ. ಮಾಘದಲ್ಲಿ ತೀರ ಎತ್ತರಕ್ಕೆ ಒಂದಿಷ್ಟು ತೆಳ್ಳನೆಯ ಎಳೆಗಳು. "ಅವು ಹಾದಿಮ್ಯಾಲ ಹೋಗೂ ಮಂದಿ, ಕರದು ಕೂಡಸಬ್ಯಾಡ" ಎನ್ನುತ್ತಿದ್ದರು ಅತ್ತೆ.

ನಮ್ಮ ಓಣಿಯಲ್ಲೊಂದು ರೂಢಿಯಿತ್ತು. ಬೇಸಿಗೆಯಲ್ಲಿ ಎಲ್ಲರ ಮಾಳಿಗೆಯ ಮೇಲೂ ಶ್ಯಾವಿಗೆ, ಹಪ್ಪಳ, ಸಂಡಿಗೆ. ಪಕ್ಕದ ಬಣ್ಣ ಹಾಕುವವರ ಮನೆಯ ಹಗ್ಗದ ಮೇಲೆ ಹಸಿ ಬಣ್ಣದ ಸೀರೆಗಳು. ಅತ್ತೆ ಅಂಗಳದಲ್ಲಿ ನಿಂತು "ತಗೀರ್ರೆವ್ವಾ!" ಎಂದು ಕೂಗಿದರೆ ಓಣಿಯ ಹೆಂಗಸರೆಲ್ಲ ಹಾಕಿದ್ದನ್ನು ಒಳಗೆ ತರಬೇಕು. ಆ ಮಾತು ಎಂದೂ ಸುಳ್ಳಾಗಿರಲಿಲ್ಲವಂತೆ. ಅತ್ತೆಗೆ ಬಂಗಾರ ಹೆಚ್ಚಿರಲಿಲ್ಲ, ಇದ್ದದ್ದು ಈ ಮಾನ.

ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪಾಠ ಹೇಳುವವರ ಹಾಗೆ ಕೇಳುತ್ತಿದ್ದರು: "ಪಡುವಣಕ್ಕ ಏನ್ ಕಾಣಾಕತ್ತದ, ಹೇಳು ನೋಡೂಣು." ಸೊಸೆಗೆ ಪರೀಕ್ಷೆ ಎಂದುಕೊಂಡು ನಾನೂ ಹುಮ್ಮಸ್ಸಿನಿಂದ ಹೇಳುತ್ತಿದ್ದೆ. ಒಂದು ದಿನ ನಾನು ಚಾಚಿದ ನೀರಿನ ತಂಬಿಗೆಗಾಗಿ ಅವರ ಕೈ ಗಾಳಿಯಲ್ಲಿ ತಡಕಾಡಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಯಾರ ಮುಂದೂ ಆಡಬ್ಯಾಡವ್ವಾ," ಎಂದರು. "ಕಣ್ಣ ಹೋದ್ರ ಹೋಗ್ಲಿ. ಮಾತ್ ನಡೀಲಿಲ್ಲಂದ್ರ ನಾ ಮೂಲ್ಯಾಗ ಕೂಡೂ ಮುದುಕಿ ಆಗ್ತೀನಿ."

ನಾನು ಆಣೆ ಮಾಡಿದೆ. ಓಣಿಯ ಮುಗಿಲೆಲ್ಲ ನನ್ನ ಕೈಗೆ ಬಂದಂತೆ ಬೀಗಿದೆ ಕೂಡ.

ಬೀಗಿದ್ದಕ್ಕೆ ಶಾಸ್ತಿಯಾಯಿತು. ನಾದಿನಿಯ ಮದುವೆಗೆಂದು ಓಣಿಯ ಹೆಂಗಸರೆಲ್ಲ ಸೇರಿ ಹೊಸೆದ ಶ್ಯಾವಿಗೆ ಎಲ್ಲ ಮಾಳಿಗೆಗಳ ಮೇಲೂ ಹರಡಿತ್ತು. ಅಂಗಳದಲ್ಲಿ ಮಾವನವರು ಕೂತಿದ್ದರು. ಅವರಿಗೆ ಮುಖ ಕಾಣಬಾರದೆಂದು ನಾನು ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನು ಗದ್ದದ ತನಕ ಎಳೆದುಕೊಂಡು ನಿಂತಿದ್ದೆ. ಅತ್ತೆ ಮೆಲ್ಲಗೆ ಕೇಳಿದರು. ನಾನು ಸೆರಗಿನೊಳಗಿಂದಲೇ ಮೇಲೆ ನೋಡಿದೆ.

"ಕರ್ರಗ ಅದರಿ ಅತ್ತಿ! ಬುಡದಿಂದ ತಲೀತನಕ ಕರ್ರಗ!"

"ಖರೇ?"

"ಖರೇರಿ."

ಅತ್ತೆ ಕೂಗಿದರು. ಓಣಿ ಓಡಿತು. ಅರ್ಧ ಒಣಗಿದ ಶ್ಯಾವಿಗೆಯನ್ನು ಬಾಚಿ ಬುಟ್ಟಿಗೆ ತುಂಬಿದರು. ನಾನೂ ಮಾಳಿಗೆಗೆ ಓಡಿ ಸೆರಗು ಸರಿಸಿ ನೋಡುತ್ತೇನೆ, ರಣರಣ ಬಿಸಿಲು! ಪಡುವಣದಲ್ಲಿ ಅಂಗೈಯಗಲದ ಒಂದು ಬಿಳಿ ಮೋಡ. ಕಪ್ಪೆಲ್ಲ ನನ್ನ ಸೀರೆಯದು.

ಬುಟ್ಟಿಯಲ್ಲಿ ಶ್ಯಾವಿಗೆ ಮುದ್ದೆಯಾಗುತ್ತಿತ್ತು. ಯಾರಾದರೂ ಬಯ್ಯಲಿ ಎಂದು ಕಾದೆ. ಎಲ್ಲರೂ ಬುಟ್ಟಿ ಹೊತ್ತು ಕೆಳಗಿಳಿದರು. ಪಕ್ಕದ ಮಾಳಿಗೆಯಲ್ಲಿ ಬಣ್ಣದವರ ಮನೆಯ ಹಿರಿಯಾಕೆ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ, ಹಸಿ ಸೀರೆಗಳನ್ನು ಮಡಚುತ್ತಿದ್ದರು. ಕೆಂಪು ಹೋಗಿ ಹಸಿರಿಗೆ ಹತ್ತಿತ್ತು. ನನಗೆ ಅಳು ಬಂತು.

"ತಪ್ಪ ನಂದರಿ ಖಾಲಾ. ಬಿಸಿಲ ನಿಮಗ ಕಾಣಲಿಲ್ಲೇನ್ರಿ?"

"ಕಾಣಲಾರದೇನ ಬೇಟಿ? ಓಣ್ಯಾಗ ಎಲ್ಲಾರಿಗೂ ಕಣ್ಣ ಅವ."

"ಮತ್ತ ಯಾಕ ತಗದ್ರಿ?"

"ಆಕಿ ಕಣ್ಣ ಹೋಗಿ ಎರಡ ವರ್ಸ ಆತು. ನೀ ಬರೂಕಿಂತ ಮೊದ್ಲ ನಿನ್ನ ನಾದಿನಿ ನೋಡಿ ಹೇಳತಿದ್ಲು. ಎಲ್ಲಾರಿಗೂ ಮಾಲೂಮ್ ಅದ. ಒಂದಿನದ ಶ್ಯಾವಿಗಿ ಸಲುವಾಗಿ ಆಕಿ ಮಾತ ಕೆಳಗ ಹಾಕೂಣೇನು?"

ಮದುವೆಯಲ್ಲಿ ಗಂಡಿನ ಕಡೆಯವರ ಎಲೆಗೆ ಬಿದ್ದದ್ದು ಶ್ಯಾವಿಗೆಯೋ ಕಡುಬೋ ಅವರಿಗೇ ತಿಳಿಯಲಿಲ್ಲ. "ಹುಮನಾಬಾದಿನ ಪದ್ಧತಿ ಹಿಂಗ" ಎಂದು ನಮ್ಮವರು ಗಂಭೀರವಾಗಿ ಹೇಳಿದರು. ಬೀಗರು ಎರಡನೆಯ ಸಲ ಹಾಕಿಸಿಕೊಂಡರು. ಅಂದಿನಿಂದ ಮುಗಿಲು ನೋಡುವಾಗ ನಾನು ಮಾವನವರ ಎದುರಿಗೇ ಸೆರಗು ಸರಿಸುತ್ತಿದ್ದೆ. ಅವರು ಏನನ್ನೋ ಹುಡುಕುವವರಂತೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಅತ್ತೆ ಇನ್ನೂ ಎಂಟು ವರ್ಷ ಕೂಗಿದರು, ಓಣಿ ಎಂಟು ವರ್ಷ ಓಡಿತು. ತಮ್ಮ ಗುಟ್ಟು ಗುಟ್ಟಾಗಿಯೇ ಇದೆ ಎಂದು ನಂಬಿಕೊಂಡೇ ಅವರು ತೀರಿಕೊಂಡರು.

ಒಂದು ಮಾತು ನಿಮ್ಮಿಂದ ಮುಚ್ಚಿಟ್ಟಿದ್ದೆ. ಈಗ ನನ್ನ ಕಣ್ಣೂ ಮಂಜು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕಟ್ಟೆಯ ಮೇಲೆ ಕೂತು ಮುಗಿಲ ಕಡೆ ಮುಖ ಎತ್ತಿ, ದೊಡ್ಡ ಜಾಣೆಯ ಹಾಗೆ ಸೊಸೆಗೆ ಅಂದೆ: "ಇವತ್ತ ಬಿಸಿಲ ಛಲೋ ಅದ, ತೊಳದ ಕೌದಿ ಮ್ಯಾಲ ಹಾಕವ್ವಾ."

ಅವಳು "ಹೂಂರಿ ಅತ್ತಿ" ಎಂದು ಕೌದಿ ಹೊತ್ತು ಮೆಟ್ಟಿಲು ಹತ್ತಿದಳು. ಅವಳು ಇನ್ನೂ ಮೇಲೆ ಕೌದಿ ಹರಡುತ್ತಿರುವಾಗಲೇ ನನ್ನ ಮುಂಗೈ ಮೇಲೆ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು.

ನಾನು ನಕ್ಕುಬಿಟ್ಟೆ. ಅತ್ತೆ ಎಂದೂ ಹೇಳದೆ ಹೋದ ಮಾತನ್ನು ಮೇಲಕ್ಕೆ ಕೂಗಿ ಹೇಳಿದೆ: "ತಗೀಯವ್ವಾ ತಗಿ! ನನಗ ಕಣ್ಣ ಕಾಣಾಂಗಿಲ್ಲ!"

"ಗೊತ್ತದರಿ ಅತ್ತಿ," ಎಂದಳು ಮಾಳಿಗೆಯಿಂದ.